ಒಬ್ಬರ ಪಾಠ ಇನ್ನೊಬ್ಬರ ಕೋರ್ಸಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಎಂಟನೇ ತರಗತಿಯ ಕನ್ನಡಕ್ಕೆ ಆನ್‌ಲೈನ್ ಕಲಿಕೆಯ ತಂತ್ರಾಂಶವಾದ ಮೂಡಲ್‌ನಲ್ಲಿ ಇಡೀ ವರ್ಷದ ಕೋರ್ಸ್ ಮಾಡಿಟ್ಟಿದ್ದೇನೆ. ಮಂಜೇಶ್ವರದ ಟೀಚರ್ ಒಬ್ಬರಿಗೂ ಅದು ಬೇಕಂತೆ. ಅವರ ಶಾಲೆಯ ಮೂಡಲ್ ಬೇರೆ. ನನ್ನ ಪಾಸ್‌ವರ್ಡ್ ಕೊಟ್ಟರೆ ಸಾಕೇ?
– ಅಧ್ಯಾಪಕಿ, ಕುಂಬಳೆ

ಉತ್ತರ: ಪಾಸ್‌ವರ್ಡ್ ಖಂಡಿತ ಕೊಡಬೇಡಿ ಟೀಚರ್. ಅದರೊಂದಿಗೆ ನಿಮ್ಮ ಮಕ್ಕಳ ಅಂಕ, ಉತ್ತರ, ಇಮೇಲ್ ಎಲ್ಲವೂ ಅವರ ಕೈಸೇರುತ್ತವೆ. ಬ್ಯಾಕಪ್ ಫೈಲು ಕೊಡಿ.

ಕೋರ್ಸ್ ತೆರೆದು 'ಮೋರ್' ಮೆನುವಿನ 'ಕೋರ್ಸ್ ರೀಯೂಸ್'ಗೆ ಹೋಗಿ 'ಬ್ಯಾಕಪ್' ಆರಿಸಿ. ಮೊದಲ ಪುಟದಲ್ಲೇ ಬಳಕೆದಾರರನ್ನು ಸೇರಿಸುವ ಆಯ್ಕೆಗೆ ಟಿಕ್ ಇದ್ದರೆ ತೆಗೆಯಿರಿ. ಮುಂದಿನ ಪುಟದಲ್ಲಿ ಬೇಡದ ಪಾಠಗಳನ್ನು ಬಿಡಬಹುದು. ಕೊನೆಗೆ ಸಿಗುವ .ಎಂಬಿಜೆಡ್ ಫೈಲನ್ನು ಇಳಿಸಿಕೊಂಡು ಕಳಿಸಿ. ಟಿಕ್ ತೆಗೆದ ಮಾತ್ರಕ್ಕೆ ಮಕ್ಕಳ ವಿವರವೆಲ್ಲ ಹೋಯಿತು ಎಂದುಕೊಳ್ಳಬೇಡಿ. ಅಂಕಪಟ್ಟಿಯ ಪಿಡಿಎಫ್ ಅನ್ನು ನೀವೇ ಕೋರ್ಸಿಗೆ ಹಾಕಿದ್ದರೆ ಅದು ಪಾಠದ ಫೈಲೆಂದೇ ಲೆಕ್ಕ, ಜೊತೆಗೇ ಹೋಗುತ್ತದೆ.

ಹಲವರು ಎಡವುವ ಜಾಗ ಇನ್ನೊಂದಿದೆ: ಗ್ಲಾಸರಿ. ಕಠಿಣ ಪದಗಳ ಅರ್ಥವನ್ನು ಅದರಲ್ಲಿ ತುಂಬಿದ್ದರೆ, ಆ ನಮೂದುಗಳನ್ನು ಮೂಡಲ್ 'ಬಳಕೆದಾರರ ಮಾಹಿತಿ' ಎಂದೇ ಎಣಿಸುತ್ತದೆ. ಬಳಕೆದಾರರನ್ನು ಬಿಟ್ಟು ಬ್ಯಾಕಪ್ ಮಾಡಿದರೆ ಆ ಕಡೆ ಗ್ಲಾಸರಿಯ ಹೆಸರು ಮಾತ್ರ ಬರುತ್ತದೆ, ಒಳಗೆ ಖಾಲಿ. ಗ್ಲಾಸರಿ ತೆರೆದು ನಮೂದುಗಳನ್ನು ಪ್ರತ್ಯೇಕವಾಗಿ ಎಕ್ಸ್‌ಪೋರ್ಟ್ ಮಾಡಿ, ಆ ಎಕ್ಸ್‌ಎಂಎಲ್ ಫೈಲನ್ನೂ ಕಳಿಸಿ.

ಅವರು ತಮ್ಮ ಕೋರ್ಸಿನಲ್ಲಿ 'ರಿಸ್ಟೋರ್' ಒತ್ತಿದಾಗ ಎರಡು ಆಯ್ಕೆ ಕಾಣುತ್ತವೆ: ಇರುವುದಕ್ಕೆ ಸೇರಿಸುವುದು, ಇರುವುದನ್ನು ಅಳಿಸಿ ಹಾಕುವುದು. ಸೇರಿಸುವುದನ್ನೇ ಆರಿಸಲು ಹೇಳಿ. ಅಳಿಸಿದರೆ ಅವರ ಸ್ವಂತ ಪಾಠಗಳು ಹೋದವೆಂದೇ ಲೆಕ್ಕ. ಅವರ ಮೂಡಲ್ ನಿಮ್ಮದಕ್ಕಿಂತ ಹಳೆಯ ಆವೃತ್ತಿಯದಾದರೆ ರಿಸ್ಟೋರ್ ಕೈಕೊಡಬಹುದು, ಮೊದಲೇ ಕೇಳಿಕೊಳ್ಳಿ. ವಿಡಿಯೊಗಳನ್ನು ಕೋರ್ಸಿನೊಳಗೇ ಹಾಕಿದ್ದರೆ ಫೈಲು ದಪ್ಪವಾಗಿ, ಅಪ್‌ಲೋಡ್ ಮಿತಿ ದಾಟಿ ನಿಂತುಬಿಡುತ್ತದೆ. ವಿಡಿಯೊಗೆ ಲಿಂಕ್ ಸಾಕು.

ಪ್ರಶ್ನೆ: ಸಹೋದ್ಯೋಗಿ ಕೊಟ್ಟ ನೋಟ್ಸನ್ನು ಕೋರ್ಸಿನ ಪುಟಕ್ಕೆ ಅಂಟಿಸಿದರೆ ಕನ್ನಡವೇ ಕಾಣುವುದಿಲ್ಲ. ಕ್ವಿಜ್‌ನಲ್ಲಿ ಸರಿಯುತ್ತರ ಬರೆದ ಮಕ್ಕಳಿಗೂ ಸೊನ್ನೆ ಬರುತ್ತಿದೆ.
– ಅಧ್ಯಾಪಕ, ಬದಿಯಡ್ಕ

ಉತ್ತರ: 'ಕನ್ನಡ' ಎಂದಿರಬೇಕಾದಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆಯಿರುವ ಎ, ನಡುವೆ ಪೌಂಡಿನ ಗುರುತು ಕಾಣುತ್ತಿದೆಯೇ? ಹಾಗಾದರೆ ಅದು 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದು. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಅದು ಕನ್ನಡ. ಪರಿವರ್ತಕ ತಂತ್ರಾಂಶದಲ್ಲಿ ಎಲ್ಲ ಕಂಪ್ಯೂಟರುಗಳೂ ಓದಬಲ್ಲ ಯುನಿಕೋಡ್‌ಗೆ ಬದಲಿಸಿಕೊಂಡು ಅಂಟಿಸಿ. ಬದಲಿಸಿದ ಮೇಲೆ ಅರ್ಕಾವತ್ತಿನ ಪದಗಳನ್ನು (ವರ್ಷ, ಧರ್ಮ, ಸೂರ್ಯ) ಒಂದೊಂದಾಗಿ ಕಣ್ಣಿಟ್ಟು ನೋಡಿ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತಿತ್ತು, ಯುನಿಕೋಡ್‌ನಲ್ಲಿ 'ರ್' ಮೊದಲು ಬರಬೇಕು. ಪರಿವರ್ತಕ ತಪ್ಪುವುದು ಇಲ್ಲೇ.

ಕ್ವಿಜ್‌ನ ತೊಂದರೆಗೂ ಕಾರಣ ಅಕ್ಷರಗಳೇ. ಗೋವಿಂದ ಪೈಗಳಿಗೆ ಮದ್ರಾಸ್ ಸರಕಾರ ರಾಷ್ಟ್ರಕವಿ ಬಿರುದು ಕೊಟ್ಟ ವರ್ಷ ಕೇಳಿ, ಉತ್ತರ 1949 ಎಂದಷ್ಟೇ ಇಟ್ಟಿದ್ದರೆ, ೧೯೪೯ ಎಂದು ಬರೆದ ಮಗುವಿಗೆ ಸೊನ್ನೆ. ಅರ್ಧಾಕ್ಷರದಿಂದ ಮುಗಿಯುವ ಪದಗಳಲ್ಲೂ ಹೀಗೇ: 'ಬೇಕಲ್' ಎಂದು ಟೈಪ್ ಮಾಡುವಾಗ ಕೆಲವು ಕೀಲಿಮಣೆಗಳು ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಚಿಹ್ನೆ ಸೇರಿಸುತ್ತವೆ. ನೋಡಲು ಎರಡೂ ಒಂದೇ, ಮೂಡಲ್‌ಗೆ ಎರಡು ಬೇರೆ ಪದ. ಶಾರ್ಟ್ ಆನ್ಸರ್ ಪ್ರಶ್ನೆಯಲ್ಲಿ ಎಲ್ಲ ರೂಪಗಳನ್ನೂ ಬೇರೆ ಬೇರೆ ಉತ್ತರವಾಗಿ ಸೇರಿಸಿ, ಪ್ರತಿಯೊಂದಕ್ಕೂ 100% ಕೊಡಿ. ಆಮೇಲೆ ಕ್ವಿಜ್ ಫಲಿತಾಂಶದಲ್ಲಿ 'ರೀಗ್ರೇಡ್' ಒತ್ತಿದರೆ ಈಗಾಗಲೇ ಬರೆದ ಮಕ್ಕಳಿಗೂ ನ್ಯಾಯ ಸಿಗುತ್ತದೆ. ಇದನ್ನು ಮಾತ್ರ ಮರೆಯಬೇಡಿ.

ಪ್ರಶ್ನೆ: ನಮ್ಮಲ್ಲಿ ಗೂಗಲ್ ಕ್ಲಾಸ್‌ರೂಮ್. ಮೂವರು ಶಿಕ್ಷಕರು ಪಾಠ ಹಂಚಿಕೊಳ್ಳುವುದು ಹೇಗೆ?
– ಶಿಕ್ಷಕ, ಅಕ್ಕಲಕೋಟ

ಉತ್ತರ: ಮಕ್ಕಳಿಲ್ಲದ ಒಂದು ತರಗತಿ ತೆರೆದು ಮೂವರೂ ಶಿಕ್ಷಕರಾಗಿ ಸೇರಿ. ಪಾಠಗಳೆಲ್ಲ ಅಲ್ಲಿರಲಿ. ನಿಮ್ಮ ನಿಜವಾದ ತರಗತಿಗೇ ಇತರರನ್ನು ಸೇರಿಸಿದರೆ ಮಕ್ಕಳ ಅಂಕಗಳೂ ಅವರಿಗೆ ಕಾಣುತ್ತವೆ. ಬೇಕಾದವರು ತಮ್ಮ ತರಗತಿಯಲ್ಲಿ 'ರೀಯೂಸ್ ಪೋಸ್ಟ್' ಒತ್ತಿ ಪಾಠ ತೆಗೆದುಕೊಳ್ಳಲಿ. ಆಗ ಲಗತ್ತುಗಳ ಹೊಸ ಪ್ರತಿ ಮಾಡುವ ಚೌಕಕ್ಕೆ ಟಿಕ್ ಹಾಕಲೇಬೇಕು. ಇಲ್ಲದಿದ್ದರೆ ಲಿಂಕ್ ಮೂಲ ಫೈಲಿಗೇ ಹೋಗುತ್ತದೆ, ನೀವು ಅದನ್ನು ಅಳಿಸಿದ ದಿನ ಅವರ ಮಕ್ಕಳಿಗೂ ಪಾಠ ತೆರೆಯುವುದಿಲ್ಲ.