ಮೆತ್ತಗಿರುವ ಶೂ ಕಾಲನ್ನು ಯಾಕೆ ನೋಯಿಸುತ್ತದೆ?

ಪ್ರಶ್ನೆ: ನನಗೆ 36 ವರ್ಷ. ಆಫೀಸಿನಲ್ಲಿ ಕೋಟು, ಟೈ ಬೇಕಿಲ್ಲ. ಆದರೆ ಜೀನ್ಸ್, ಸ್ಪೋರ್ಟ್ಸ್ ಶೂ ನಡೆಯುವುದಿಲ್ಲ, ಬಿಸಿನೆಸ್ ಕ್ಯಾಶುವಲ್ ಇರಬೇಕು ಅಂತಾರೆ. ದಿನಕ್ಕೆ ಐದಾರು ಗಂಟೆ ನಿಂತು, ಓಡಾಡಿ ಕೆಲಸ. ಹತ್ತಿಯಂತೆ ಮೆತ್ತಗಿದ್ದ ಶೂ ತಂದೆ. ಎರಡೇ ತಿಂಗಳಲ್ಲಿ ಹಿಮ್ಮಡಿ ನೋವು ಶುರುವಾಯಿತು, ವರ್ಷ ತುಂಬುವ ಮೊದಲೇ ಸೋಲ್ ಬಾಯಿ ಬಿಟ್ಟಿತು. ಪ್ಯಾಂಟುಗಳೋ, ತೊಡೆಯ ಸಂದಿಯಲ್ಲೇ ಸವೆದು ಹರಿಯುತ್ತವೆ. ದುಬಾರಿಯದು ಕೊಂಡರೆ ಮಾತ್ರ ಬಾಳಿಕೆ ಬರುತ್ತದಾ?

ಉತ್ತರ: ಆ ಮೆತ್ತಗಿನ ಸುಖವೇ ನಿಮ್ಮನ್ನು ದಾರಿ ತಪ್ಪಿಸಿದೆ. ಅಂಗಡಿಯ ಎರಡು ನಿಮಿಷಕ್ಕೆ ಹಿತವಾಗುವುದು ಬೇರೆ, ಎಂಟು ಗಂಟೆ ಕಾಲನ್ನು ಹೊರುವುದು ಬೇರೆ. ಒಳಗಿನ ಮೆತ್ತನೆಯ ಫೋಮ್ ದಿನವೂ ಮೈಭಾರ ಬಿದ್ದು ಅಪ್ಪಚ್ಚಿಯಾಗುತ್ತದೆ. ಆಮೇಲೆ ನೀವು ನಿಂತಿರುವುದು ಹೆಚ್ಚುಕಡಿಮೆ ನೆಲದ ಮೇಲೆಯೇ.

ಮುಂದಿನ ಸಲ ಶೂ ಹಾಕಿ ನೋಡುವ ಮೊದಲು ಕೈಯಲ್ಲಿ ಹಿಡಿದು ನೋಡಿ. ಹಿಂಭಾಗವನ್ನು ಹೆಬ್ಬೆರಳಿನಿಂದ ಒತ್ತಿ. ಅದು ಸುಲಭವಾಗಿ ಒಳಗೆ ಕುಸಿಯಬಾರದು, ಹಿಮ್ಮಡಿಯನ್ನು ಅಲುಗಾಡದಂತೆ ಹಿಡಿಯುವುದೇ ಆ ಭಾಗ. ಆಮೇಲೆ ಎರಡೂ ತುದಿ ಹಿಡಿದು ಬಗ್ಗಿಸಿ. ಬೆರಳುಗಳು ಶುರುವಾಗುವ ಕಡೆ ಬಗ್ಗಬೇಕು, ನಡುವೆ ಬಗ್ಗಿದರೆ ಕೆಳಗಿಡಿ. ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿದಾಗ ಸ್ವಲ್ಪವಾದರೂ ಎದುರು ನಿಲ್ಲಬೇಕು.

ಶೂ ಕೊಳ್ಳಲು ಸಂಜೆ ಹೋಗಿ, ಅಷ್ಟು ಹೊತ್ತಿಗೆ ಪಾದ ಕೊಂಚ ಊದಿರುತ್ತದೆ. ದಿನಾ ಹಾಕುವ ಸಾಕ್ಸೇ ಇರಲಿ. ಹೆಚ್ಚಿನವರಿಗೆ ಒಂದು ಪಾದ ಇನ್ನೊಂದಕ್ಕಿಂತ ದೊಡ್ಡದು, ಅಳತೆ ದೊಡ್ಡದಕ್ಕೇ. ನಿಂತಾಗ ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಲಿ. ಇಲ್ಲೊಂದು ತಪ್ಪು ಬಹಳ ಜನ ಮಾಡುತ್ತಾರೆ. ಪಕ್ಕದಲ್ಲಿ ಬಿಗಿಯಾಯಿತು ಅಂತ ಒಂದು ಸೈಜ್ ದೊಡ್ಡದು ತಗೊಳ್ಳುತ್ತಾರೆ. ಆಗ ಪಾದ ಒಂದು ಕಡೆ, ಶೂ ಇನ್ನೊಂದು ಕಡೆ ಬಗ್ಗುತ್ತದೆ, ಹಿಮ್ಮಡಿ ಜಾರುತ್ತದೆ. ಬೇಕಾದದ್ದು ಅಗಲ, ಉದ್ದವಲ್ಲ. ಅದೇ ಸೈಜಿನಲ್ಲಿ ಅಗಲದ್ದು ಕೇಳಿ. ‘ಹಾಕ್ತಾ ಹಾಕ್ತಾ ಸಡಿಲ ಆಗತ್ತೆ ಸಾರ್’ ಅನ್ನುವ ಮಾತಿಗೆ ಅರ್ಧ ಬೆಲೆ ಕೊಡಿ. ಚರ್ಮ ಅಗಲದಲ್ಲಿ ತುಸು ಬಿಡುತ್ತದೆ, ಉದ್ದದಲ್ಲಿ ಬಿಡುವುದಿಲ್ಲ.

ನಿಮ್ಮಂಥ ಓಡಾಟದ ಕೆಲಸಕ್ಕೆ ನನ್ನ ಆಯ್ಕೆ ರಬ್ಬರ್ ಸೋಲಿನ ಡರ್ಬಿ. ಡರ್ಬಿಯಲ್ಲಿ ಲೇಸ್ ಕಟ್ಟುವ ಎರಡು ಪಟ್ಟಿಗಳು ತೆರೆದುಕೊಳ್ಳುತ್ತವೆ, ಪಾದ ಊದಿದಂತೆ ಸಡಿಲಿಸಬಹುದು. ಲೋಫರ್ ನೋಡಲು ಚಂದ, ಆದರೆ ಲೇಸ್ ಇಲ್ಲದ ಕಾರಣ ಬಿಗಿಯಾಗಿದ್ದರಷ್ಟೇ ಕಾಲಲ್ಲಿ ನಿಲ್ಲುತ್ತದೆ. ಕೂತು ಮಾಡುವ ಕೆಲಸದವರಿಗೆ ಅದು ಸರಿ.

ನಿಮ್ಮ ಶೂ ಬಾಯಿ ಬಿಟ್ಟದ್ದು ಬಹುಶಃ ಸೋಲನ್ನು ಬರೀ ಅಂಟಿಸಿದ್ದರಿಂದ. ಅಂಟಿಸಿದ್ದೆಲ್ಲ ಕೆಟ್ಟದ್ದಲ್ಲ, ಹಗುರವಾಗಿಯೂ ಇರುತ್ತದೆ. ಆದರೆ ಸೋಲ್ ಸವೆದರೆ ಸಾಮಾನ್ಯವಾಗಿ ಶೂ ಕಥೆ ಮುಗಿದಂತೆ. ಗುಡ್‌ಇಯರ್ ವೆಲ್ಟ್ ಎಂಬ ಹೊಲಿಗೆಯಲ್ಲಿ ಮೇಲಿನ ಚರ್ಮವನ್ನೂ ಸೋಲನ್ನೂ ನಡುವಿನ ಒಂದು ಪಟ್ಟಿಗೆ ಹೊಲಿಯುತ್ತಾರೆ. ಹಳೆಯ ಸೋಲ್ ಬಿಚ್ಚಿ ಹೊಸದು ಹಾಕಿಸಬಹುದು. ಟೈರಿನ ಹೆಸರಲ್ವಾ ಅಂದಿರಾ? ಈ ಯಂತ್ರಕ್ಕೆ 1870ರ ದಶಕದಲ್ಲಿ ಪೇಟೆಂಟ್ ಪಡೆದ ಚಾರ್ಲ್ಸ್ ಗುಡ್‌ಇಯರ್ ಜೂನಿಯರ್, ರಬ್ಬರನ್ನು ಗಟ್ಟಿ ಮಾಡುವ ವಿದ್ಯೆ ಕಂಡುಹಿಡಿದವರ ಮಗ. ಇಂಥ ಶೂ ಮೊದಲ ಕೆಲವು ವಾರ ಬಿರುಸಾಗಿರುತ್ತದೆ, ಮನೆಯಲ್ಲೇ ಒಂದೆರಡು ಗಂಟೆ ಹಾಕಿ ಪಳಗಿಸಿ. ಒಂದು ಎಚ್ಚರಿಕೆ: ಸೋಲಿನ ಅಂಚಿನ ಹೊಲಿಗೆ ಕೆಲವೊಮ್ಮೆ ಬರೀ ಅಲಂಕಾರ. ಕೇಳಿ ತಿಳಿದುಕೊಳ್ಳಿ.

‘ಜೆನ್ಯೂನ್ ಲೆದರ್’ ಅಂತ ಬರೆದಿದ್ದರೆ ಚರ್ಮ ಅಂತಷ್ಟೇ ಅರ್ಥ, ಒಳ್ಳೆಯ ಚರ್ಮ ಅಂತಲ್ಲ. ‘ಫುಲ್ ಗ್ರೇನ್’ ಅಂದರೆ ಮೇಲ್ಪದರವನ್ನು ಉಜ್ಜಿ ತೆಗೆಯದ ಚರ್ಮ. ಮಡಿಕೆ ಬೀಳುತ್ತದೆ, ಆದರೆ ಸಿಪ್ಪೆ ಏಳುವುದಿಲ್ಲ.

ಬಾಳಿಕೆಯ ಅರ್ಧ ಗುಟ್ಟು ಮನೆಯಲ್ಲಿದೆ. ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಿ. ಬೆವರು ಕುಡಿದ ಚರ್ಮ ಒಣಗಲು ಒಂದು ದಿನ ಬೇಕು. ಮಳೆಯಲ್ಲಿ ನೆನೆದರೆ ಒಳಗೆ ಪೇಪರ್ ತುರುಕಿ ನೆರಳಲ್ಲಿಡಿ, ಹೀಟರ್ ಮುಂದೆ ಬೇಡ. ಹಾಗಂತ ಎತ್ತಿಟ್ಟುಕೊಂಡು ಕೂರಬೇಡಿ. ನಾನೊಮ್ಮೆ ಚೆನ್ನಾಗಿದೆ ಅಂತ ಒಂದು ಜೊತೆಯನ್ನು ವರ್ಷಗಟ್ಟಲೆ ಡಬ್ಬಿಯಲ್ಲೇ ಇಟ್ಟಿದ್ದೆ. ಹಾಕಿಕೊಂಡು ಹೊರಟ ದಿನ ಸೋಲ್ ರಸ್ಕಿನಂತೆ ಪುಡಿಪುಡಿ! ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ಸೋಲು ಗಾಳಿಯ ತೇವಕ್ಕೇ ಒಡೆಯುತ್ತದೆ, ಹಾಕದೇ ಇಟ್ಟರೂ.

ಇನ್ನು ಪ್ಯಾಂಟ್. ತೊಡೆಯಲ್ಲಿ ಸವೆಯಲು ಉಜ್ಜುವಿಕೆ ಒಂದು ಕಾರಣ, ಬಿಗಿ ಇನ್ನೊಂದು. ಕೂತಾಗ ಬಟ್ಟೆ ಎಳೆದುಕೊಂಡರೆ ಇಡೀ ಭಾರ ಆ ಸಂದಿಗೆ ಬೀಳುತ್ತದೆ. ಹಾಗಾಗಿ ಕನ್ನಡಿ ಮುಂದೆ ನಿಲ್ಲುವುದು ಸಾಲದು. ಕುಕ್ಕರಗಾಲಲ್ಲಿ ಕೂರಿ, ಎರಡೆರಡು ಮೆಟ್ಟಿಲು ಹತ್ತಿ. ನಿಂತಾಗ ಪಕ್ಕದ ಜೇಬು ಬಾಯಿ ತೆರೆದಿದ್ದರೆ ಸೊಂಟದ ಕೆಳಗೆ ಬಿಗಿ ಅಂತ ತಿಳಿಯಿರಿ. ಸೊಂಟಪಟ್ಟಿಯಿಂದ ಕಾಲು ಸೇರುವ ಜಾಗದವರೆಗಿನ ಉದ್ದ, ಅಂದರೆ ರೈಸ್, ನಿಮಗೆ ಸಾಕಷ್ಟಿರಲಿ.

ಬಟ್ಟೆಯಲ್ಲಿ ಓರೆ ಗೆರೆಯ ಕಾಟನ್ ಟ್ವಿಲ್, ಅದಕ್ಕೆ 2% ಎಲಾಸ್ಟೇನ್, ಅಂದರೆ ಎಳೆದರೆ ಹಿಗ್ಗುವ ನೂಲು, ಸೇರಿದ್ದರೆ ಸಾಕು. ಎಲಾಸ್ಟೇನ್ ಬಿಸಿಗೆ ಸೋಲುತ್ತದೆ. ತಣ್ಣೀರಲ್ಲಿ ಒಗೆದು ನೆರಳಲ್ಲಿ ಒಣಗಿಸಿ, ಬಿಸಿ ಡ್ರೈಯರ್ ಬೇಡ. ಹೊಸ ಪ್ಯಾಂಟ್ ತಂದ ದಿನವೇ ಟೈಲರ್ ಹತ್ತಿರ ತೊಡೆಯ ಒಳಗೆ ತೆಳು ಬಟ್ಟೆಯ ತುಂಡು ಹೊಲಿಸಿಬಿಡಿ. ಹರಿದ ಮೇಲೆ ತೇಪೆ ಹಾಕಿಸುವುದಕ್ಕಿಂತ ಇದು ಎಷ್ಟೋ ವಾಸಿ.

ಬೆಲೆ ವಿಷಯ: ಶೂವಿನಲ್ಲಿ ಒಳ್ಳೆಯ ಚರ್ಮ, ಬದಲಿಸಬಹುದಾದ ಸೋಲ್, ಇವೆರಡಕ್ಕೆ ಕೊಡಿ. ಅದರಾಚೆಗೆ ಕೊಡುವುದು ಹೆಚ್ಚಾಗಿ ಹೆಸರಿಗೆ. ಪ್ಯಾಂಟಿಗೆ ನಾನು ಅಷ್ಟೂ ಕೊಡುವುದಿಲ್ಲ.

ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಡುವಾಗಲೇ ಹಿಮ್ಮಡಿ ಚುಚ್ಚಿದರೆ ಶೂ ಅಂಗಡಿಗೆ ಹೋಗುವ ಮೊದಲು ಡಾಕ್ಟರನ್ನು ಕಾಣಿ.

ಪ್ರಶ್ನೆ: ಕಪ್ಪು ಪ್ಯಾಂಟಿಗೆ ಕಂದು ಶೂ ಹಾಕಬಹುದಾ?

ಉತ್ತರ: ಕಡುಗಂದು ಆದರೆ ಧಾರಾಳವಾಗಿ. ತಿಳಿಗಂದು ಹಾಕಿದರೆ ಜನ ಮುಖಕ್ಕಿಂತ ಮೊದಲು ಕಾಲು ನೋಡುತ್ತಾರೆ.