ಜರ್ಮನಿಯ ಕಲೋನ್ ನಗರದ ಲಾಂಛನದಲ್ಲಿ ಮೂರು ಕಿರೀಟ, ಹನ್ನೊಂದು ಕಪ್ಪು ಗುರುತು ಯಾಕಿವೆ?

ಎರಡನ್ನೂ ಸಂತರ ನೆನಪಿಗೆ ಇಟ್ಟಿರುವುದು.

ಮೇಲಿನ ಕೆಂಪು ಪಟ್ಟಿಯಲ್ಲಿರುವ ಮೂರು ಚಿನ್ನದ ಕಿರೀಟಗಳು, ಮಗು ಯೇಸುವನ್ನು ನೋಡಲು ನಕ್ಷತ್ರ ಹಿಡಿದು ಬಂದ ಮೂವರು ರಾಜರದ್ದು. (ಬೈಬಲ್‌ನಲ್ಲಿ ಅವರು ರಾಜರು ಅಂತಲೂ ಇಲ್ಲ, ಮೂವರು ಅಂತಲೂ ಇಲ್ಲ, ಅದೆಲ್ಲ ಆಮೇಲೆ ಸೇರಿದ್ದು.) ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸಾ ಇಟಲಿಯ ಮಿಲಾನ್ ಗೆದ್ದ ಮೇಲೆ, ಅಲ್ಲಿದ್ದ ಈ ರಾಜರ ಅಸ್ಥಿಗಳನ್ನು ಆರ್ಚ್‌ಬಿಷಪ್ ರೈನಾಲ್ಡ್ 1164ರಲ್ಲಿ ಕಲೋನ್‌ಗೆ ತಂದ. ಅಲ್ಲಿಂದ ಊರಿನ ದೆಸೆಯೇ ತಿರುಗಿತು. ಯಾತ್ರಿಕರು ಮುಗಿಬಿದ್ದರು, ಹಳೇ ಚರ್ಚು ಸಾಲದೆ 1248ರಲ್ಲಿ ಈಗಿನ ಕ್ಯಾಥೆಡ್ರಲ್ ಶುರು ಮಾಡಿದರು. ಮುಗಿದಿದ್ದು 1880ರಲ್ಲಿ!

ಕೆಳಗೆ ಬಿಳಿ ಭಾಗದಲ್ಲಿರುವ ಹನ್ನೊಂದು ಕಪ್ಪು ಗುರುತುಗಳನ್ನು ಜನ ಜ್ವಾಲೆ ಅಂತಾರೆ, ಕಣ್ಣೀರ ಹನಿ ಅಂತಲೂ ಅಂತಾರೆ. ಇವು ಸಂತ ಉರ್ಸುಲಾ ಮತ್ತು ಅವಳ ಸಂಗಡಿಗರಿಗೆ ಸೇರಿದ್ದು. ರೋಮ್ ಯಾತ್ರೆ ಮುಗಿಸಿ ಬರುವಾಗ ಹೂಣರು ಕಲೋನ್ ಹತ್ತಿರ ಇವರನ್ನೆಲ್ಲ ಕೊಂದರು ಅನ್ನೋದು ಕಥೆ. ಮೊದಲು ಹನ್ನೊಂದೇ ಜನ ಇದ್ದರು, ಹೋಗ್ತಾ ಹೋಗ್ತಾ ಹನ್ನೊಂದು ಸಾವಿರ ಆದರು! 1106ರಲ್ಲಿ ಕೋಟೆ ವಿಸ್ತರಿಸುವಾಗ ರೋಮನ್ನರ ಕಾಲದ ಸ್ಮಶಾನ ಸಿಕ್ಕಿತು, ಆ ಮೂಳೆಗಳೆಲ್ಲ ಇವರದ್ದೇ ಅಂತ ಜನ ನಂಬಿಬಿಟ್ಟರು. ಉರ್ಸುಲಾ ಚರ್ಚಿನ ಒಂದು ಕೋಣೆಯಲ್ಲಿ ಅವನ್ನು ಗೋಡೆ ತುಂಬಾ ಚಿತ್ತಾರದ ಹಾಗೆ, ಅಕ್ಷರದ ಹಾಗೆ ಜೋಡಿಸಿದ್ದಾರೆ.

ದೊಡ್ಡ ಲಾಂಛನದಲ್ಲಿ ಎರಡು ತಲೆಯ ಹದ್ದೂ ಇರುತ್ತದೆ. ಅದು ಕಲೋನ್ ನೇರ ಚಕ್ರವರ್ತಿಯ ಅಧೀನದ ಸ್ವತಂತ್ರ ನಗರವಾಗಿತ್ತು ಅನ್ನೋದರ ಗುರುತು, ಅಷ್ಟೇ.