ಅಡಿಕೆ ತೋಟದ ಆಧಾರ ಮತ್ತು ಲಂಡನ್ನಿನ ಎಲ್‌ಎಲ್‌ಎಂ

ಪ್ರಶ್ನೆ: ಕಾನೂನು ಪದವಿ ಮುಗಿಸಿದ್ದೇನೆ. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದಲ್ಲಿ ಬ್ಯಾಂಕಿಂಗ್ ಮತ್ತು ಹಣಕಾಸು ಕಾನೂನಿನ ಎಲ್‌ಎಲ್‌ಎಂ ಓದಬೇಕೆಂದಿದೆ. ಅಪ್ಪನ ಎರಡು ಎಕ್ರೆ ಅಡಿಕೆ ತೋಟದ ಆಧಾರ (ಆಸ್ತಿಯ ದಾಖಲೆಪತ್ರ) ಇಟ್ಟು ಸಾಲ ಕೇಳಿದರೆ ಬ್ಯಾಂಕಿನವರು ಒಪ್ಪಲಿಲ್ಲ. ತೋಟಕ್ಕೆ ಬೆಲೆಯೇ ಇಲ್ಲವೇ?
(ಓದುಗರೊಬ್ಬರು, ಬದಿಯಡ್ಕ)

ಉತ್ತರ: ಬೆಲೆ ಖಂಡಿತ ಇದೆ. ತೊಡಕಿರುವುದು ವಸೂಲಿಯಲ್ಲಿ. 2002ರ ಸರ್ಫೇಸಿ ಕಾಯ್ದೆಯ ಪ್ರಕಾರ ಸಾಲ ಸುಸ್ತಿಯಾದರೆ ಬ್ಯಾಂಕು 60 ದಿನಗಳ ನೋಟಿಸು ಕೊಟ್ಟು, ಬಳಿಕ ದಾವೆ ಹೂಡದೆಯೇ ಅಡವಿನ ಆಸ್ತಿಯ ಮೇಲೆ ಕ್ರಮ ಕೈಗೊಳ್ಳಬಹುದು. ಆದರೆ ಅದೇ ಕಾಯ್ದೆಯ 31(ಐ) ಕಲಂ ಕೃಷಿ ಭೂಮಿಯನ್ನು ಹೊರಗಿಟ್ಟಿದೆ. ತೋಟ ಅಡವಿದ್ದರೆ ಬ್ಯಾಂಕು ದಾವೆಯ ಹಾದಿಯನ್ನೇ ಹಿಡಿಯಬೇಕು. ಹಾಗಾಗಿ ಹಿಂಜರಿಯುತ್ತಾರೆ. ನೀವು ಓದಹೊರಟಿರುವ ವಿಷಯವೂ ಇಂಥದ್ದೇ, ಈ ಕಲಂ ಒಮ್ಮೆ ಓದಿಕೊಳ್ಳಿ.

ಮನೆಯಡಿ ಜಾಗಕ್ಕೆ ಪ್ರತ್ಯೇಕ ಆಧಾರವಿದ್ದರೆ ಅದನ್ನು ಕೊಡಿ. ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 7.5 ಲಕ್ಷ ರೂಪಾಯಿವರೆಗೆ ಆಸ್ತಿ ಅಡವು ಬೇಡ, ಆದರೆ ಲಂಡನ್ನಿನ ಫೀಸಿಗೇ ಅದು ಸಾಲದು. ವಿದೇಶದ ಓದಾದರೆ ಖರ್ಚಿನ ಶೇ. 15 ಭಾಗವನ್ನು ನೀವೇ ಭರಿಸಬೇಕು. ವಿಲೇಜ್ ಆಫೀಸಿನಿಂದ ಈ ವರ್ಷದ ತೆರಿಗೆ ರಶೀದಿ, ಕೈವಶ ಪ್ರಮಾಣಪತ್ರ, ಲೊಕೇಶನ್ ಸ್ಕೆಚ್ ತನ್ನಿ. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಋಣಭಾರ ಪತ್ರ ತನ್ನಿ. ಹಿಂದಿನ ಆಧಾರಗಳೂ ಬೇಕು. ಕಾಸರಗೋಡು ಕೇರಳಕ್ಕೆ ಸೇರಿದ 1956ಕ್ಕಿಂತ ಮೊದಲಿನವು ಕನ್ನಡದಲ್ಲಿದ್ದು ಬ್ಯಾಂಕಿನ ವಕೀಲರಿಗೆ ಕನ್ನಡ ಬಾರದಿದ್ದರೆ ಕಡತ ಅಲ್ಲೇ ಕೂರುತ್ತದೆ. ಅನುವಾದ ಮಾಡಿಸಿಯೇ ಒಪ್ಪಿಸಿ.

ಇನ್ನು ವೀಸಾ ಅರ್ಜಿಯ ಜೊತೆ ಇಡಬೇಕಾದ ಸಾಲದ ಮಂಜೂರಾತಿ ಪತ್ರ. ವೀಸಾ ಕೆಡುವುದು ಹೆಚ್ಚಾಗಿ ಇಲ್ಲಿಯೇ ಎಂಬುದರಿಂದ ಒಂದೊಂದು ಸಾಲನ್ನೂ ಓದಿ. ಪತ್ರ ನಿಮ್ಮ ಹೆಸರಿಗಿರಬೇಕು, ಅರ್ಜಿಯ ದಿನಕ್ಕೆ 6 ತಿಂಗಳಿಗಿಂತ ಹಳತಾಗಿರಬಾರದು, ಶಿಕ್ಷಣ ಸಾಲ ಯೋಜನೆಯದೆಂದು ಹೇಳಬೇಕು, ಪ್ರಯಾಣಕ್ಕೆ ಮೊದಲು ಹಣ ಸಿಗುತ್ತದೆಂದೂ ಹೇಳಬೇಕು. ವೀಸಾ ಸಿಗಬೇಕೆಂಬುದರ ಹೊರತು ಬೇರಾವ ಷರತ್ತೂ ಇರಕೂಡದು. "ಅಡವು ಪೂರ್ಣಗೊಂಡ ನಂತರವೇ ಹಣ ಬಿಡುಗಡೆ" ಎಂಬ ಒಂದೇ ಸಾಲು ಇದ್ದರೂ ಪತ್ರ ಕೆಲಸಕ್ಕೆ ಬಾರದು. ಅಡವು ಮುಗಿಸಿ, ಆ ಸಾಲನ್ನು ತೆಗೆಸಿ, ಹೊಸ ಪತ್ರ ಪಡೆಯಿರಿ. ಮ್ಯಾನೇಜರರಿಗೆ ಮತ್ತೊಮ್ಮೆ ತೊಂದರೆ ಕೊಡುವುದೇಕೆಂದು ಸಂಕೋಚಪಡಬೇಡಿ.

ಪ್ರಶ್ನೆ: ಸಾಲ ಬೇಡ. ಅಮ್ಮನ ಹೆಸರಲ್ಲಿ ಊರಿನ ಸರ್ವೀಸ್ ಸಹಕಾರಿ ಸಂಘದಲ್ಲಿ ಠೇವಣಿ ಇದೆ. ಅದನ್ನು ತೋರಿಸಬಹುದೇ?
(ಓದುಗರೊಬ್ಬರು, ಪೆರ್ಲ)

ಉತ್ತರ: ಅಮ್ಮನ ಹಣ ತೋರಿಸಬಹುದು, ಜೊತೆಗೆ ನಿಮ್ಮ ಜನನ ಪ್ರಮಾಣಪತ್ರ ಮತ್ತು ಅಮ್ಮನ ಒಪ್ಪಿಗೆ ಪತ್ರ ಇಡಿ. ಆದರೆ ಹಣ ಇರುವ ಸಂಸ್ಥೆ ನಿಯಂತ್ರಕರ ಅಧೀನದಲ್ಲಿರಬೇಕೆಂಬುದು ಬ್ರಿಟನ್ನಿನ ನಿಯಮ. ಊರಿನ ಸರ್ವೀಸ್ ಸಹಕಾರಿ ಸಂಘದಂಥ ಪ್ರಾಥಮಿಕ ಕೃಷಿ ಸಾಲ ಸಂಘಗಳು ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಗೆ ಒಳಪಡುವುದಿಲ್ಲ, ಅವಕ್ಕೆ ರಿಸರ್ವ್ ಬ್ಯಾಂಕಿನ ಪರವಾನಗಿಯಿಲ್ಲ. ನಂಬಿಕೆಯ ಸಂಘವೇ ಇರಬಹುದು, ವೀಸಾ ಅಧಿಕಾರಿಗೆ ಅದು ಸಾಕಾಗುವುದಿಲ್ಲ. ಹಣವನ್ನು ವಾಣಿಜ್ಯ ಬ್ಯಾಂಕಿಗೆ ವರ್ಗಾಯಿಸಿ. ಅಲ್ಲಿ ಸತತ 28 ದಿನ ನಿಗದಿತ ಮೊತ್ತಕ್ಕಿಂತ ಒಂದು ರೂಪಾಯಿಯೂ ಇಳಿಯಬಾರದು. ಸ್ಟೇಟ್‌ಮೆಂಟಿನ ಕೊನೆಯ ದಿನಕ್ಕೂ ಅರ್ಜಿಯ ದಿನಕ್ಕೂ 31 ದಿನಕ್ಕಿಂತ ಹೆಚ್ಚು ಅಂತರ ಇರಬಾರದು. ನಡುವೆ ಚೆಕ್ಕೊಂದು ಪಾಸಾಗಿ ಒಂದು ದಿನ ಮೊತ್ತ ಇಳಿದರೂ ಲೆಕ್ಕ ಮತ್ತೆ ಮೊದಲಿನಿಂದ. ಜನನ ಪ್ರಮಾಣಪತ್ರ ಮಲಯಾಳದಲ್ಲಿ ಮಾತ್ರ ಇದ್ದರೆ ಇಂಗ್ಲಿಷ್ ಅನುವಾದ ಬೇಕು. ಅದರಲ್ಲಿ ಅನುವಾದಕರ ಪೂರ್ಣ ಹೆಸರು, ಸಹಿ, ವಿಳಾಸ, ದಿನಾಂಕ, ಅನುವಾದ ಸರಿಯೆಂಬ ದೃಢೀಕರಣ ಇರಲಿ.

ಪ್ರಶ್ನೆ: ಅಲ್ಲಿ ಎಲ್‌ಎಲ್‌ಎಂ ಮಾಡಿ ಬಂದರೆ ಇಲ್ಲಿ ಕಾಲೇಜಿನಲ್ಲಿ ಪಾಠ ಹೇಳಬಹುದೇ?
(ಓದುಗರೊಬ್ಬರು, ಮಂಜೇಶ್ವರ)

ಉತ್ತರ: ಅದೊಂದನ್ನೇ ನಂಬಿ ಹೋಗಬೇಡಿ. ಭಾರತೀಯ ವಕೀಲರ ಪರಿಷತ್ತಿನ 2020ರ ನಿಯಮಗಳು ಒಂದು ವರ್ಷದ ವಿದೇಶಿ ಎಲ್‌ಎಲ್‌ಎಂ ಅನ್ನು ಇಲ್ಲಿನ ಪದವಿಗೆ ನೇರವಾಗಿ ಸಮವೆಂದು ಒಪ್ಪುವುದಿಲ್ಲ. ಅಲ್ಲಿಯೇ ಸಾಲಿಸಿಟರ್ (ವಕೀಲ) ಆಗಲೂ ಎಲ್‌ಎಲ್‌ಎಂ ಸಾಲದು, ಅದಕ್ಕೆ ಎಸ್‌ಕ್ಯೂಇ ಎಂಬ ಅರ್ಹತಾ ಪರೀಕ್ಷೆ ಬೇರೆಯೇ ಇದೆ. ಬ್ಯಾಂಕಿನ ಕಾನೂನು ವಿಭಾಗವೋ ದೊಡ್ಡ ಕಾನೂನು ಸಂಸ್ಥೆಯೋ ನಿಮ್ಮ ಗುರಿಯಾದರೆ ಈ ಓದು ಕೈಹಿಡಿಯುತ್ತದೆ. ಪಾಠ ಹೇಳುವುದೇ ಆಸೆಯಾದರೆ ಇಲ್ಲಿಯ ಎಲ್‌ಎಲ್‌ಎಂ ಮೊದಲು ಮುಗಿಸಿ.